ಚೆಂಡೆಯೂ ಕೇಳಲಿ, ಅರ್ಥವೂ ಕೇಳಲಿ: ಮನೆಯಲ್ಲಿ ಹೋಂ ಥಿಯೇಟರ್ ಜೋಡಿಸುವ ಕ್ರಮ

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ಆಟ ನಡೆಯುವುದು ಟಿವಿಯಲ್ಲಿ. ಹೊರಗೆ ಜಡಿಮಳೆ, ಒಳಗೆ ಚಾವಡಿಯಲ್ಲಿ ಯಾವುದೋ ವರ್ಷದ ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಪದ್ಯ ಮತ್ತು 'ಅರ್ಥ' ಎಂಬ ಮಾತುಗಾರಿಕೆಯಲ್ಲೇ ನಡೆಯುವ ಯಕ್ಷಗಾನದ ವಿಡಿಯೊ. ಕಳೆದ ಮಳೆಗಾಲದಲ್ಲಿ ಪೆರ್ಲದ ಹತ್ತಿರ ಸೋದರಮಾವನ ಮನೆಗೆ ಹೋಗಿದ್ದಾಗ ಅವರು ಬೇಸರದಿಂದ ಹೇಳಿದರು: "ಮಗ ಗಲ್ಫಿನಿಂದ ಇಷ್ಟು ದೊಡ್ಡ ಸೆಟ್ಟು ತಂದು ಕೊಟ್ಟಿದ್ದಾನೆ. ಚೆಂಡೆ ಕೇಳುತ್ತದೆ, ಅರ್ಥ ಮಾತ್ರ ಸರಿಯಾಗಿ ಕೇಳುವುದಿಲ್ಲ ಮಾರಾಯ."

ಟಾರ್ಚು ಹಿಡಿದು ಸೆಟ್ಟಿನ ಹಿಂದೆ ಬಗ್ಗಿ ನೋಡಿದೆ. ಎಡಗಡೆಯ ಸ್ಪೀಕರಿನ ವಯರು ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸರಿಯಾಗಿತ್ತು. ಬಲಗಡೆಯದ್ದು ಅದಲುಬದಲಾಗಿತ್ತು. ಹೀಗಾದರೆ ಒಂದು ಸ್ಪೀಕರಿನ ಪರದೆ ಮುಂದಕ್ಕೆ ಬರುವ ಹೊತ್ತಿಗೆ ಇನ್ನೊಂದರದ್ದು ಹಿಂದಕ್ಕೆ ಹೋಗುತ್ತದೆ. ತಗ್ಗು ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ, ನಡುವಿನಿಂದ ಬರಬೇಕಾದ ಮಾತು ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಂತೆ ಚದರಿಹೋಗುತ್ತದೆ. ಸೆಟ್ಟು ಆರಿಸಿ ಆ ಎರಡು ಎಳೆಗಳನ್ನು ಬದಲಿಸಿ ಮತ್ತೆ ಹಾಕಿದೆ. ಅರ್ಥಧಾರಿಯ ಮಾತು ಟಿವಿಯ ನಟ್ಟನಡುವಿನಿಂದ ಬಂತು. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಮಾವನ ಬೆರಳು ಅಲ್ಲಿಯೇ ನಿಂತಿತು.

ಒಂದು ರೂಪಾಯಿ ಖರ್ಚಿಲ್ಲದೆ ಆದ ಕೆಲಸ ಅದು. ಮನೆಮನೆಗಳಲ್ಲಿ ನಾನು ಕಂಡಿರುವುದೂ ಇದನ್ನೇ. ಸೆಟ್ಟುಗಳು ಒಳ್ಳೆಯವೇ ಇರುತ್ತವೆ, ಜೋಡಣೆಯಲ್ಲಿ ಎಲ್ಲೋ ಒಂದು ಕಡೆ ಎಡವಿರುತ್ತದೆ. ಆದ್ದರಿಂದ ಮೊದಲಿನಿಂದ ನೋಡೋಣ.

ಪೆಟ್ಟಿಗೆ ಬಿಚ್ಚಿದ ಕೂಡಲೇ

ಪ್ಲಗ್ ಹಾಕುವ ಮುಂಚೆ ಸೆಟ್ಟನ್ನು ತಿರುಗಿಸಿ ಹಿಂಭಾಗದ ಬರಹ ಓದಿ. ನಮ್ಮ ಊರಿಗೆ ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಇಲ್ಲಿನ ಅನೇಕ ಸೆಟ್ಟುಗಳು ಕೊಲ್ಲಿ ರಾಷ್ಟ್ರಗಳಿಂದ ಬಂದವು. ನಮ್ಮ ಮನೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಕೆಲವು ಹಳೆಯ ಸೆಟ್ಟುಗಳಲ್ಲಿ 110 ಮತ್ತು 220 ಎಂದು ಬರೆದ ಪುಟ್ಟ ಸ್ವಿಚ್ಚು ಇರುತ್ತದೆ. ಅದು 110ರಲ್ಲಿದ್ದಾಗ ಪ್ಲಗ್ ಹಾಕಿದರೆ ಸೆಟ್ಟು ಸುಟ್ಟೇ ಹೋಗುತ್ತದೆ. ಚೌಕ ಕಾಲುಗಳ ಮೂರು ಪಿನ್ನಿನ ಪ್ಲಗ್ಗನ್ನು ನಮ್ಮ ಸಾಕೆಟ್ಟಿಗೆ ಬಲವಂತವಾಗಿ ತುರುಕಬೇಡಿ. ಅರ್ತ್ ಪಿನ್ನು ಇರುವ ಒಳ್ಳೆಯ ಅಡಾಪ್ಟರ್ ಬಳಸಿ, ಇಲ್ಲವೇ ವಯರ್‌ಮನ್‌ನಿಂದ ಪ್ಲಗ್ಗನ್ನೇ ಬದಲಿಸಿಕೊಳ್ಳಿ.

ಇನ್ನೂ ಕೊಂಡಿಲ್ಲದವರಿಗೆ ಒಂದು ಮಾತು. ಪೆಟ್ಟಿಗೆಯ ಮೇಲೆ ಸಾವಿರಾರು ವಾಟ್ ಎಂದು ದೊಡ್ಡಕ್ಷರದಲ್ಲಿ ಬರೆದಿರುವ ಪಿಎಂಪಿಒ ಲೆಕ್ಕವನ್ನು ನಂಬಬೇಡಿ. ನೋಡಬೇಕಾದದ್ದು ಆರ್‌ಎಂಎಸ್ ವಾಟ್, ಅಂದರೆ ಸೆಟ್ಟು ಒಂದೇ ಸಮನೆ ಕೊಡಬಲ್ಲ ಶಕ್ತಿ. ಸೆಟ್ಟು ಕರೆಂಟಿನಿಂದ ಎಷ್ಟು ವಾಟ್ ಎಳೆಯುತ್ತದೆ ಎಂಬುದೂ ಹಿಂದೆ ಬರೆದಿರುತ್ತದೆ. 60 ವಾಟ್ ಎಳೆಯುವ ಯಂತ್ರ ಒಂದೇ ಸಮನೆ 500 ವಾಟ್ ಶಬ್ದ ಕೊಡುವುದು ಸಾಧ್ಯವಿಲ್ಲ.

ಸ್ಪೀಕರ್ ಎಲ್ಲಿಡಬೇಕು

ನೀವು ಕೂರುವ ಜಾಗ, ಎಡ ಸ್ಪೀಕರ್, ಬಲ ಸ್ಪೀಕರ್ ಈ ಮೂರೂ ಸಮಭುಜ ತ್ರಿಕೋನವಾಗಬೇಕು. ಸ್ಪೀಕರುಗಳ ನಡುವೆ ಎರಡೂವರೆ ಮೀಟರ್ ಇದ್ದರೆ ಪ್ರತಿಯೊಂದರಿಂದಲೂ ನಿಮಗೆ ಸುಮಾರು ಎರಡೂವರೆ ಮೀಟರ್. ಚಿಕ್ಕ ಪರದೆಗಳು, ಅಂದರೆ ಟ್ವೀಟರುಗಳು, ಕೂತವರ ಕಿವಿಯ ಎತ್ತರಕ್ಕೆ ಬರಲಿ. ಅನೇಕ ಮನೆಗಳಲ್ಲಿ ಸ್ಪೀಕರುಗಳನ್ನು ದೇವರ ಪಟದ ಸಾಲಿನಲ್ಲಿ ಗೋಡೆಯ ತುದಿಗೆ ಏರಿಸಿರುತ್ತಾರೆ. ಅಲ್ಲಿಂದ ಬರುವ ಮಾತು ಮಾಡಿಗೆ ತಾಗಿ ತೇಲಿಹೋಗುತ್ತದೆ.

ಐದು ಸ್ಪೀಕರಿನ ಸೆಟ್ಟಾದರೆ ನಡುವಿನದ್ದು ಟಿವಿಯ ಕೆಳಗೆ ಅಥವಾ ಮೇಲೆ, ಕಿವಿಯ ಕಡೆಗೆ ತುಸು ವಾಲಿಸಿ ಇಡಿ. ಸುತ್ತಿನ ಎರಡು ಸ್ಪೀಕರುಗಳು ನಿಮ್ಮ ಪಕ್ಕಕ್ಕೆ, ಕಿವಿಗಿಂತ ಸ್ವಲ್ಪ ಹಿಂದೆ ಬರಬೇಕು. ನೇರ ಮುಂದಿನಿಂದ ಅಳೆದರೆ 110 ಡಿಗ್ರಿಯ ಆಸುಪಾಸು. ಅವನ್ನು ಹಿಂದಿನ ಗೋಡೆಯ ಮೂಲೆಗಳಿಗೆ ಎಸೆದುಬಿಡುವುದು ಸಾಮಾನ್ಯ ತಪ್ಪು.

ಕೋಣೆಯೂ ವಾದ್ಯದ ಒಂದು ಭಾಗವೇ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಮುರಕಲ್ಲಿನ ಗೋಡೆಗೆ ಸಿಮೆಂಟಿನ ಗಾರೆ, ನೆಲಕ್ಕೆ ನಯವಾದ ಟೈಲ್ಸ್ ಇರುವ ಮನೆಯಲ್ಲಿ ಚಪ್ಪಾಳೆ ಝಣಝಣ ಎಂದು ಮರುದನಿ ಕೊಡುತ್ತದೆ. ಅಲ್ಲಿ ಮಾತಿನ ಅಂಚು ಮಸುಕಾಗುವುದು ಖಂಡಿತ. ಕಿಟಕಿಗೆ ದಪ್ಪ ಪರದೆ, ನೆಲಕ್ಕೊಂದು ಜಮಖಾನ, ಪುಸ್ತಕ ತುಂಬಿದ ಕಪಾಟು, ಇಷ್ಟಾದರೆ ಅರ್ಧ ಸಮಸ್ಯೆ ತೀರುತ್ತದೆ. ಹಂಚಿನ ಮಾಡಿನ ಹಳೆಯ ಚಾವಡಿ ಈ ವಿಷಯದಲ್ಲಿ ಪುಣ್ಯವಂತ. ಸಂದುಗಳಿಂದ ತಗ್ಗು ಸ್ವರ ಹೊರಗೆ ಹೋಗುವುದರಿಂದ ತಾರಸಿ ಮನೆಯಷ್ಟು ಗುಂಯ್‌ಗುಡುವುದಿಲ್ಲ.

ವಯರು

ಹತ್ತು ಮೀಟರ್ ಒಳಗಿನ ದೂರಕ್ಕೆ 1.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ವಯರು ಧಾರಾಳ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥದ್ದೇ ಆಗುತ್ತದೆ. ಬೆಲೆಬಾಳುವ ಸ್ಪೀಕರ್ ಕೇಬಲ್ಲಿಗೆ ಹಣ ಸುರಿಯುವ ಅಗತ್ಯ ಮನೆಬಳಕೆಗೆ ನನಗೆ ಎಂದೂ ಕಂಡಿಲ್ಲ. ಆದರೆ ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ವಯರು ಬೇಡ. ಒಂದು ಎಳೆಯನ್ನು ಚೂರಿಯಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಅದೇ.

ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಮಾತ್ರ ಸಿಪ್ಪೆ ತೆಗೆದು, ಎಳೆಗಳನ್ನು ಬತ್ತಿ ಹೊಸೆಯುವಂತೆ ಬಿಗಿಯಾಗಿ ಹೊಸೆಯಿರಿ. ಕೂದಲಿನಷ್ಟು ತೆಳುವಾದ ಒಂದೇ ಒಂದು ಎಳೆ ಹೊರಚಾಚಿ ಪಕ್ಕದ ಕೊಂಡಿಗೆ ತಾಗಿದರೂ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್ ಶಾರ್ಟ್ ಆಗುತ್ತದೆ. ಜೋಡಿ ವಯರಿನ ಒಂದು ಎಳೆಯ ಮೇಲೆ ಗೆರೆ ಅಥವಾ ಬಣ್ಣ ಇರುತ್ತದೆ. ಆ ಎಳೆ ಎಲ್ಲ ಕಡೆಯಲ್ಲೂ ಕೆಂಪಿಗೇ ಹೋಗಲಿ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಅನುಮಾನ ಬಂದರೆ ಆಂಪ್ಲಿಫೈಯರಿನ ತುದಿಯನ್ನು ಬಿಚ್ಚಿ, ಗೆರೆಯ ಎಳೆಗೆ 1.5 ವೋಲ್ಟ್ ಸೆಲ್ಲಿನ ಪ್ಲಸ್, ಇನ್ನೊಂದಕ್ಕೆ ಮೈನಸ್ ಕ್ಷಣಮಾತ್ರ ತಾಗಿಸಿ. ಸ್ಪೀಕರಿನ ದೊಡ್ಡ ಪರದೆ ಹೊರಗೆ ಬಂದರೆ ಜೋಡಣೆ ಸರಿ, ಒಳಕ್ಕೆ ಹೋದರೆ ತಿರುವುಮುರುವು.

ಅಟ್ಟದ ಮೇಲಿನಿಂದ ವಯರು ಎಳೆಯುವವರು ಪಿವಿಸಿ ಪೈಪಿನೊಳಗೆ ಹಾಯಿಸಿ. ಅಡಿಕೆ ಒಣಗಿಸಿಡುವ ಮನೆಯಲ್ಲಿ ಇಲಿಗಳಿಗೆ ಕೊರತೆಯಿಲ್ಲ. ಹಾಗೆಯೇ ಸ್ಪೀಕರಿನ ಓಮ್ ಲೆಕ್ಕವನ್ನೂ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆಯನ್ನೂ, ನೋಡಿಕೊಳ್ಳಿ. ಆಂಪ್ಲಿಫೈಯರಿನಲ್ಲಿ 6ರಿಂದ 16 ಓಮ್ ಎಂದಿದ್ದರೆ 4 ಓಮ್‌ನ ಸ್ಪೀಕರ್ ಹಾಕಬಾರದು. 8 ಓಮ್‌ನ ಎರಡು ಸ್ಪೀಕರುಗಳನ್ನು ಒಂದೇ ಕೊಂಡಿಗೆ ಸೇರಿಸಿದರೂ ಲೆಕ್ಕ 4ಕ್ಕೆ ಇಳಿಯುತ್ತದೆ.

ಟಿವಿಯಿಂದ ಸೆಟ್ಟಿಗೆ

ಟಿವಿಯಲ್ಲಿ ಮೂರ್ನಾಲ್ಕು ಎಚ್‌ಡಿಎಂಐ ಕಿಂಡಿಗಳಿದ್ದರೂ ಶಬ್ದವನ್ನು ಹೊರಗೆ ಕಳುಹಿಸುವುದು ಸಾಮಾನ್ಯವಾಗಿ ಒಂದೇ. ಅದರ ಪಕ್ಕ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುತ್ತದೆ. ಎಆರ್‌ಸಿ 2009ರ ಎಚ್‌ಡಿಎಂಐ 1.4 ಆವೃತ್ತಿಯೊಂದಿಗೆ ಬಂದದ್ದು, ಇಎಆರ್‌ಸಿ 2017ರ 2.1ರೊಂದಿಗೆ. ಆ ಕಿಂಡಿಯಿಂದ ರಿಸೀವರ್ (ಆಂಪ್ಲಿಫೈಯರ್ ಒಳಗೇ ಇರುವ ಮುಖ್ಯ ಪೆಟ್ಟಿಗೆ) ಅಥವಾ ಸೌಂಡ್‌ಬಾರಿನ ಅದೇ ಹೆಸರಿನ ಕಿಂಡಿಗೆ ಕೇಬಲ್ ಹಾಕಿ. ಬೇರೆ ಕಿಂಡಿಗೆ ಹಾಕಿ "ಸೆಟ್ಟು ಹಾಳಾಗಿದೆ" ಎಂದು ಅಂಗಡಿಗೆ ಹೊತ್ತುಕೊಂಡು ಹೋದವರನ್ನು ನೋಡಿದ್ದೇನೆ.

ಕೇಬಲ್ ಹಾಕಿದರೆ ಮುಗಿಯಲಿಲ್ಲ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಶಬ್ದದ ಔಟ್‌ಪುಟ್ ಅನ್ನು ಎಚ್‌ಡಿಎಂಐ ಎಆರ್‌ಸಿಗೆ ಬದಲಿಸಬೇಕು. ಸಿಇಸಿ ಎಂಬ ಸೌಲಭ್ಯವನ್ನೂ ಆನ್ ಮಾಡಬೇಕು. ಅದಕ್ಕೆ ಪ್ರತಿ ಕಂಪನಿಯ ಹೆಸರು ಬೇರೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆಮೇಲೆ ಟಿವಿಯ ರಿಮೋಟಿನಿಂದಲೇ ಸೆಟ್ಟಿನ ಶಬ್ದ ಏರಿಸಬಹುದು. ಇಷ್ಟಾದರೂ ಶಬ್ದ ಬರದಿದ್ದರೆ ಡಿಜಿಟಲ್ ಆಡಿಯೊ ಎಂಬಲ್ಲಿ ಪಿಸಿಎಂ ಆರಿಸಿ ನೋಡಿ. ಹಳೆಯ ಸೆಟ್ಟುಗಳು ಅದನ್ನು ಮಾತ್ರ ಸುಲಭವಾಗಿ ಒಪ್ಪಿಕೊಳ್ಳುತ್ತವೆ.

ಎಆರ್‌ಸಿ ಇಲ್ಲದ ಟಿವಿಗೆ ಆಪ್ಟಿಕಲ್ ಕೇಬಲ್ ಆಗುತ್ತದೆ. ಅದರ ಎರಡು ತುದಿಗಳಲ್ಲೂ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ, ತೆಗೆಯದೆ ಹಾಕಿದರೆ ಒಳಗೆ ಹೋಗುವುದಿಲ್ಲ. ಕೇಬಲನ್ನು ಮಡಚಬೇಡಿ. ಅದರೊಳಗೆ ಹೋಗುವುದು ಬೆಳಕು.

ತುಟಿ ಮೊದಲು ಆಡಿ ಮಾತು ತಡವಾಗಿ ಕೇಳುತ್ತಿದೆಯೇ? ಬ್ಲೂಟೂತ್‌ನಲ್ಲಿ ಜೋಡಿಸಿದ್ದರೆ ಬಿಟ್ಟು ವಯರಿಗೆ ಬನ್ನಿ. ಮಾತೇ ಮೊದಲು ಬರುತ್ತಿದ್ದರೆ ರಿಸೀವರಿನಲ್ಲಿ ಆಡಿಯೊ ಡಿಲೇ ಎಂಬುದನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ.

ಹಳೆಯ ಕ್ಯಾಸೆಟ್ಟುಗಳಿರುವ ಮನೆಗೆ

ಟೇಪ್ ಡೆಕ್ಕಿನ ಲೈನ್ ಔಟ್‌ನಿಂದ ಆರ್‌ಸಿಎ ಕೇಬಲಿನಲ್ಲಿ, ಕೆಂಪು ಬಲಕ್ಕೆ, ಬಿಳಿ ಎಡಕ್ಕೆ, ರಿಸೀವರಿನ ಆಕ್ಸ್ ಅಥವಾ ಟೇಪ್ ಇನ್‌ಗೆ ಕೊಡಿ. ಫೋನೊ ಎಂದು ಬರೆದ ಕಿಂಡಿಗೆ ಹಾಕಲೇಬಾರದು. ಅದು ಗ್ರಾಮಫೋನ್ ತಟ್ಟೆಯ ಮುಳ್ಳಿನಿಂದ ಬರುವ ಕೆಲವೇ ಮಿಲಿವೋಲ್ಟಿನ ಸಂಕೇತಕ್ಕೆಂದು ಇರುವುದು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚಿಗೆ ಬಿಳಿ ಬೂಸು ಕಂಡರೆ ನುಡಿಸಬೇಡಿ, ಅದು ಟೇಪು ಓದುವ ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಅಪೂರ್ವವಾದ ಎಷ್ಟೋ ಧ್ವನಿಮುದ್ರಣಗಳು ಹೀಗೆಯೇ ಅಳಿಯುತ್ತಿವೆ. ಸರಿಯಾಗಿರುವವನ್ನಾದರೂ ಈ ಜೋಡಣೆ ಮಾಡಿದ ದಿನವೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಹದ ಮಾಡುವುದು

ಅಳತೆಯ ಟೇಪು ಹಿಡಿದು ಪ್ರತಿ ಸ್ಪೀಕರಿನಿಂದ ಕೂರುವ ಜಾಗದ ದೂರ ಅಳೆದು ರಿಸೀವರಿನಲ್ಲಿ ನಮೂದಿಸಿ. ಶಬ್ದ ಒಂದು ಮೀಟರ್ ಸಾಗಲು ಹೆಚ್ಚುಕಡಿಮೆ 3 ಮಿಲಿಸೆಕೆಂಡ್ ಬೇಕು. ಹತ್ತಿರದ ಸ್ಪೀಕರಿನದ್ದನ್ನು ಅಷ್ಟು ತಡೆಹಿಡಿದು ಎಲ್ಲವೂ ಒಟ್ಟಿಗೆ ಕಿವಿಗೆ ತಲುಪುವಂತೆ ರಿಸೀವರ್ ನೋಡಿಕೊಳ್ಳುತ್ತದೆ. ಪುಟ್ಟ ಸ್ಪೀಕರುಗಳಿಗೆ ಸ್ಮಾಲ್ ಎಂದು ಆರಿಸಿ, ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡಿ. ಅದಕ್ಕಿಂತ ತಗ್ಗಿನದ್ದು ತಗ್ಗು ಸ್ವರಕ್ಕೆಂದೇ ಇರುವ ಸಬ್‌ವೂಫರಿಗೆ ಹೋಗುತ್ತದೆ.

ಸಬ್‌ವೂಫರಿಗೆ ಜಾಗ ಹುಡುಕುವ ಒಂದು ಉಪಾಯವಿದೆ. ಅದನ್ನು ನೀವು ಕೂರುವ ಜಾಗದಲ್ಲಿಟ್ಟು, ಮದ್ದಳೆ ಚೆನ್ನಾಗಿ ಕೇಳುವ ಪದ್ಯವೊಂದನ್ನು ಹಾಕಿ, ನೀವು ಗೋಡೆಯ ಬದಿಯಲ್ಲಿ ಮೊಣಕಾಲೂರಿ ಸುತ್ತಾಡಿ. ಒಂದು ಮೂಲೆಯಲ್ಲಿ ಗುಂಯ್ ಎನ್ನುತ್ತದೆ, ಎರಡು ಹೆಜ್ಜೆ ಆಚೆ ಪೆಟ್ಟು ಪೆಟ್ಟಾಗಿಯೇ ಬಿಡಿಸಿ ಕೇಳುತ್ತದೆ. ಬಿಡಿಸಿ ಕೇಳಿದಲ್ಲಿ ಅದನ್ನಿಡಿ. ಕಣ್ಣುಮುಚ್ಚಿ ಕೂತಾಗ ಸಬ್‌ವೂಫರ್ ಇರುವ ದಿಕ್ಕು ತಿಳಿಯುವಂತಿದ್ದರೆ ಅದರ ಶಬ್ದ ಹೆಚ್ಚಾಯಿತು ಎಂದೇ ಲೆಕ್ಕ.

ರಿಸೀವರಿನಲ್ಲಿರುವ ಹಾಲ್, ಸ್ಟೇಡಿಯಂ ಎಂಬ ಅಲಂಕಾರಗಳು ಯಕ್ಷಗಾನಕ್ಕೆ ಬೇಡವೇ ಬೇಡ. ನಮ್ಮಲ್ಲಿ ನೋಡುವ ಆಟದ ವಿಡಿಯೊಗಳು ಬಹುಮಟ್ಟಿಗೆ ಎರಡು ಚಾನೆಲಿನವು, ಸ್ಟೀರಿಯೊ ಎಂದೇ ಇಟ್ಟು ಕೇಳಿ. ಸಿನಿಮಾಕ್ಕೆ ಐದೂ ಸ್ಪೀಕರ್ ಬಳಸುವಾಗ, ಹಂಚಿನ ಮೇಲೆ ಮಳೆ ಬಡಿಯುವ ಹೊತ್ತಿನಲ್ಲಿ ಒಟ್ಟು ಶಬ್ದ ಏರಿಸುವ ಬದಲು ನಡುವಿನ ಸ್ಪೀಕರನ್ನು ಮಾತ್ರ 2-3 ಡೆಸಿಬಲ್ ಹೆಚ್ಚಿಸಿ.

ಗುಂಯ್‌ಗುಡುವಿಕೆ, ಸಿಡಿಲು

ಏನೂ ನುಡಿಸದಿದ್ದಾಗಲೂ ಸ್ಪೀಕರಿನಿಂದ ದುಂಬಿಯಂಥ ಸದ್ದು ಬಂದರೆ ಮೊದಲು ಕೇಬಲ್ ಟಿವಿಯ ವಯರನ್ನು ತಿರುಗಿಸಿ ಬಿಚ್ಚಿ. ಸದ್ದು ನಿಂತಿತೆಂದರೆ ಎರಡು ಕಡೆಯ ಅರ್ತ್ ಕೂಡಿ ಸುತ್ತು ಬಿದ್ದಿದೆ. ಟಿವಿ, ಸೆಟ್‌ಟಾಪ್ ಬಾಕ್ಸ್, ರಿಸೀವರ್ ಎಲ್ಲವನ್ನೂ ಒಂದೇ ಸ್ವಿಚ್‌ಬೋರ್ಡಿಗೆ ತನ್ನಿ. ಟಿವಿಯಿಂದ ಶಬ್ದವನ್ನು ಆಪ್ಟಿಕಲ್‌ನಲ್ಲಿ ತೆಗೆದುಕೊಂಡರೂ ಆ ಸುತ್ತು ಕಡಿಯುತ್ತದೆ. ಸದ್ದು ನಿಲ್ಲುತ್ತದೆಂದು ಅರ್ತ್ ಪಿನ್ನನ್ನು ಕಿತ್ತುಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅದು ಜೀವ ಉಳಿಸುವ ಪಿನ್ನು. ಏಪ್ರಿಲ್, ಮೇ ತಿಂಗಳಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ. ಅರ್ತ್ ಗುಂಡಿಗೆ ಆಗಾಗ ನೀರು ಹಾಕಿ, ವಯರ್‌ಮನ್‌ನಿಂದ ಒಮ್ಮೆ ಪರೀಕ್ಷೆ ಮಾಡಿಸಿ. ಕರೆಂಟು ಹೋಗಿ ಇನ್ವರ್ಟರಿನಲ್ಲಿ ಓಡುವಾಗ ಮಾತ್ರ ಸದ್ದು ಬಂದರೆ ಇನ್ವರ್ಟರ್ ಸೈನ್‌ವೇವ್ ಬಗೆಯದ್ದಲ್ಲ ಎಂದು ಊಹಿಸಬಹುದು.

ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಮಳೆ ಹಿಂದಿರುಗುವ ಅಕ್ಟೋಬರ್, ನವೆಂಬರಿನಲ್ಲಿ ನಮ್ಮಲ್ಲಿ ಸಿಡಿಲಿನ ಆರ್ಭಟ. ನಮ್ಮ ಮನೆಯಲ್ಲಿ ಒಮ್ಮೆ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿದ್ದೆ, ಡಿಶ್ಶಿನ ವಯರನ್ನು ಮರೆತಿದ್ದೆ. ಅಂಗಳದಾಚೆಯ ತೆಂಗಿಗೆ ಸಿಡಿಲು ಬಡಿದಾಗ ಆ ವಯರಿನಲ್ಲೇ ಬಂದು ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಎಚ್‌ಡಿಎಂಐ ಹಾದಿಯಲ್ಲಿ ಟಿವಿ, ಕೊನೆಗೆ ರಿಸೀವರ್, ಮೂರನ್ನೂ ಹೊತ್ತೊಯ್ದಿತು. ಆದ್ದರಿಂದ ದೂರದಲ್ಲಿ ಮೋಡ ಕಪ್ಪಾದಾಗಲೇ ಕರೆಂಟಿನ ಪ್ಲಗ್, ಡಿಶ್ ಅಥವಾ ಕೇಬಲಿನ ವಯರು, ಇಂಟರ್ನೆಟ್ಟಿನ ಲೋಹದ ವಯರು ಮೂರನ್ನೂ ಬಿಚ್ಚಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ಬಿಚ್ಚಲು ಹೋಗಬೇಡಿ. ಸರ್ಜ್ ತಡೆಯುವ ಎಕ್ಸ್‌ಟೆನ್ಷನ್ ಬೋರ್ಡು ಸಣ್ಣಪುಟ್ಟ ಏರಿಳಿತಕ್ಕೆ ಸರಿ, ಪಕ್ಕದ ಮರಕ್ಕೆ ಬಿದ್ದ ಸಿಡಿಲಿಗೆ ಅದು ಯಾವ ಲೆಕ್ಕಕ್ಕೂ ಇಲ್ಲ.

ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಸೆಟ್ಟನ್ನು ಅರ್ಧ ತಾಸು ಓಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಆಂಪ್ಲಿಫೈಯರಿನ ಗಾಳಿಕಿಂಡಿಯೊಳಗೆ ಹಲ್ಲಿ ನುಸುಳದಂತೆ ರಾತ್ರಿ ತೆಳುವಾದ ಹತ್ತಿಬಟ್ಟೆ ಹೊದೆಸಿ. ಬೆಳಿಗ್ಗೆ ಸ್ವಿಚ್ಚು ಹಾಕುವ ಮುಂಚೆ ಅದನ್ನು ನೆನಪಿಟ್ಟು ತೆಗೆಯಿರಿ.