ಋತುವಲ್ಲದ ಕಾಲದಲ್ಲಿ ಆಡುಗಳನ್ನು ಬೆದೆಗೆ ತಂದ ನನ್ನ ಅನುಭವ

ನಾನು ಸಾಕಿರುವ ಸಾನೆನ್ ಎಂಬ ಹಾಲಿನ ತಳಿಯ ಆಡುಗಳು ಹಗಲು ಕಿರಿದಾಗುತ್ತ ಬಂದಾಗ ಮಾತ್ರ ಬೆದೆಗೆ ಬರುವುದರಿಂದ, ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಮರಿ ಹಾಕಿ, ಒಟ್ಟಿಗೇ ಹಾಲು ಬತ್ತಿಸಿಕೊಳ್ಳುತ್ತಿದ್ದವು. ವರ್ಷವಿಡೀ ಹಾಲು ದೊರೆಯಬೇಕಾದರೆ ಅರ್ಧ ಹಿಂಡಾದರೂ ವಸಂತದಲ್ಲಿ ಗಬ್ಬವಾಗಬೇಕಿತ್ತು. ಆದ್ದರಿಂದ ಪಶುವೈದ್ಯರ ನೆರವಿನಿಂದ ಹಾರ್ಮೋನ್ ಚಿಕಿತ್ಸೆ ಆರಂಭಿಸಿದೆ.

ಮೊದಲು ಪ್ರತಿಯೊಂದು ಆಡಿಗೂ ಸ್ಕ್ಯಾನಿಂಗ್ ಮಾಡಿಸಿದೆವು. ಈ ಚಿಕಿತ್ಸೆಯಲ್ಲಿ ಬಳಸುವ ಕ್ಲೋಪ್ರೊಸ್ಟೆನಾಲ್ ಎಂಬ ಕೃತಕ ಹಾರ್ಮೋನು ಗಬ್ಬವಾಗಿರುವ ಆಡಿನ ಗರ್ಭವನ್ನು ಇಳಿಸಿಬಿಡುತ್ತದೆ. ಹುಸಿಗಬ್ಬವಾಗಿ ಗರ್ಭಕೋಶದಲ್ಲಿ ನೀರು ತುಂಬಿಕೊಂಡ ಆಡಿಗಾದರೋ ಬೇರೆಯೇ ಚಿಕಿತ್ಸೆ ಮೊದಲು ಆಗಬೇಕು. ಈ ಹಂತವನ್ನು ಯಾರೂ ಬಿಡಬಾರದು.

ಪ್ರೊಜೆಸ್ಟೋಜೆನ್ (ಬೆದೆಯನ್ನು ತಡೆಯುವ ಹಾರ್ಮೋನು) ಸವರಿದ ಸ್ಪಂಜನ್ನು ಯೋನಿಯೊಳಗೆ 11 ದಿನ ಇರಿಸಿ, ತೆಗೆಯುವುದಕ್ಕೆ 48 ಗಂಟೆ ಮೊದಲು ಇಸಿಜಿ (eCG, ಗಬ್ಬದ ಕುದುರೆಯ ರಕ್ತದಿಂದ ಪಡೆಯುವ ಹಾರ್ಮೋನು) ಮತ್ತು ಕ್ಲೋಪ್ರೊಸ್ಟೆನಾಲ್ ಚುಚ್ಚುಮದ್ದು ಕೊಟ್ಟೆವು. ಸ್ಪಂಜು ಒಳಗಿರುವಷ್ಟು ದಿನ ಬೆದೆ ತಡೆಹಿಡಿದಿರುತ್ತದೆ, ಇಸಿಜಿ ಅಂಡಾಶಯದಲ್ಲಿ ಅಂಡಾಣುಗಳಿರುವ ಕೋಶಗಳನ್ನು ಬೆಳೆಸುತ್ತದೆ, ಸ್ಪಂಜು ಹೊರಬಂದೊಡನೆ ಆ ತಡೆ ಕಳಚುತ್ತದೆ. ಇಸಿಜಿಯ ಪ್ರಮಾಣ ಸಾಮಾನ್ಯವಾಗಿ 400ರಿಂದ 500 ಐಯು (ಅಂತರರಾಷ್ಟ್ರೀಯ ಘಟಕ). ಹೆಚ್ಚಾದರೆ ಹೊಟ್ಟೆಯಲ್ಲಿ ಮೂರು ನಾಲ್ಕು ಮರಿ ನಿಂತು ತಾಯಿಯೇ ಬಳಲುತ್ತದೆ. ಕ್ಲೋಪ್ರೊಸ್ಟೆನಾಲ್ ಚರ್ಮದ ಮೂಲಕವೂ ಮೈಗೆ ಇಳಿಯುವುದರಿಂದ ಗರ್ಭಿಣಿಯರು ಮತ್ತು ಆಸ್ತಮಾ ಇರುವವರು ಅದನ್ನು ಮುಟ್ಟಲೇಬಾರದು.

ಸ್ಪಂಜಿನ ದಾರವನ್ನು ಉದ್ದ ಬಿಟ್ಟಿದ್ದು ನನ್ನ ತಪ್ಪಾಯಿತು: ಎರಡು ಆಡುಗಳ ಸ್ಪಂಜನ್ನು ಪಕ್ಕದ ಆಡುಗಳು ಜಗಿದು ಎಳೆದುಹಾಕಿದ್ದವು. ಉಳಿದವುಗಳ ಸ್ಪಂಜನ್ನು ಕೆಳಮುಖವಾಗಿ ಮೆಲ್ಲನೆ ಎಳೆದಾಗ ಮೂಗು ಮುಚ್ಚಿಕೊಳ್ಳುವಂಥ ನಾತದ ಮಬ್ಬು ಲೋಳೆ ಸುರಿಯಿತು. ಗಾಬರಿಯಾದ ನನಗೆ, ಸ್ಪಂಜು ಇದ್ದಲ್ಲಿ ಇಷ್ಟು ಸ್ರಾವ ಸಹಜವೆಂದು ವೈದ್ಯರು ಧೈರ್ಯ ಹೇಳಿದರು.

ಮರುದಿನ ಸಂಜೆಯ ವೇಳೆಗೆ ಬಾಲ ಬಡಿಯುವುದು, ಎಡೆಬಿಡದೆ ಕೂಗುವುದು ಶುರುವಾಯಿತು. ಎರಡು ದಿನದೊಳಗೆ ಬಹುತೇಕ ಆಡುಗಳು ಬೆದೆಗೆ ಬಂದವು. ನಾನು ಎಡವಿದ್ದು ಹೋತದ ವಿಷಯದಲ್ಲಿ. ಹನ್ನೆರಡು ಆಡುಗಳಿಗೆ ಒಂದೇ ಹೋತ ಸಾಕೆಂದುಕೊಂಡಿದ್ದೆ. ಋತುವಲ್ಲದ ಕಾಲದಲ್ಲಿ ಹೋತದ ಹುರುಪೂ ವೀರ್ಯದ ಗುಣವೂ ಕುಗ್ಗಿರುತ್ತವೆಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅರ್ಧದಷ್ಟೇ ಗಬ್ಬ ಕಟ್ಟಿದವು. ಮರುವರ್ಷ ಐದು ಆಡುಗಳಿಗೊಂದರಂತೆ ಹೋತಗಳನ್ನಿಟ್ಟು, ಅವುಗಳ ವೀರ್ಯವನ್ನು ಮೊದಲೇ ಪರೀಕ್ಷೆ ಮಾಡಿಸಿ, ಮೈಕಟ್ಟು ಸೊರಗಿದ್ದ ಆಡುಗಳನ್ನು ಚಿಕಿತ್ಸೆಯಿಂದಲೇ ಹೊರಗಿಟ್ಟ ಮೇಲೆ ಫಲ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು.

ಇಸಿಜಿಯನ್ನು ಮತ್ತೆಮತ್ತೆ ಕೊಟ್ಟರೆ ಕೆಲವು ಆಡುಗಳ ಮೈಯಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಿ, ಬೆದೆ ತಡವಾಗಿ ಗಬ್ಬ ತಪ್ಪುತ್ತದೆ. ಹಾಗಾಗಿ ಒಮ್ಮೆ ಚುಚ್ಚಿಸಿಕೊಂಡ ಆಡುಗಳ ಕಿವಿಯೋಲೆಯ ಸಂಖ್ಯೆ ಬರೆದಿಟ್ಟು, ಮುಂದಿನ ವಸಂತಕ್ಕೆ ಬೇರೆ ಆಡುಗಳನ್ನೇ ಆರಿಸುತ್ತಿದ್ದೇನೆ.