ಹ್ಯಾಶ್ ಇಫ್ ಕೈಕೊಟ್ಟಾಗ ನಾನು ಹುಡುಕುವ ರೀತಿ

ಪುಣೆಯ ಹಿಂಜವಡಿಯಲ್ಲಿ ವಾಹನಗಳ ಕಂಟ್ರೋಲರ್‌ಗೆ ಸಿ ಕೋಡ್ ಬರೆಯುವ ಕನ್ನಡಿಗರು ಬಹಳ ಮಂದಿ ಇದ್ದೇವೆ. ಒಂದೇ ಸೋರ್ಸ್‌ನಿಂದ ನಾಲ್ಕಾರು ವೇರಿಯಂಟ್ ತೆಗೆಯಬೇಕು, ಹಾಗಾಗಿ ಫೈಲ್ ತುಂಬ ಹ್ಯಾಶ್ ಇಫ್ (#if), ಅಂದರೆ ಷರತ್ತು ನಿಜವಾದರೆ ಮಾತ್ರ ಆ ಬ್ಲಾಕ್‌ನ ಕೋಡನ್ನು ಕಂಪೈಲರ್‌ಗೆ ಬಿಡುವ ಸಾಲು. ಯಾವುದಾದರೂ ಫೀಚರ್ ನಡೆಯದಿದ್ದರೆ ನಾನು ಮೊದಲು ಡಿಬಗರ್ ಮುಟ್ಟುವುದಿಲ್ಲ. ಅನುಮಾನವಿರುವ ಬ್ಲಾಕ್‌ನೊಳಗೆ ಬಿಲ್ಡನ್ನೇ ನಿಲ್ಲಿಸುವ ಒಂದು ಹ್ಯಾಶ್ ಎರರ್ (#error) ಸಾಲು ಹಾಕಿ ಬಿಲ್ಡ್ ಮಾಡುತ್ತೇನೆ. ಬಿಲ್ಡ್ ನಿಲ್ಲದಿದ್ದರೆ ಆ ಕೋಡ್ ಕಂಪೈಲರ್‌ಗೆ ಕಂಡೇ ಇಲ್ಲ.

ಆಮೇಲೆ ಬಿಲ್ಡ್ ನಡೆಸುವ ಮೇಕ್‌ಗೆ ಮೈನಸ್ ಎನ್ (ಕಮಾಂಡನ್ನು ನಡೆಸದೆ ತೋರಿಸು), ಮೈನಸ್ ದೊಡ್ಡ ಬಿ (ಎಲ್ಲವನ್ನೂ ಹೊಸದಾಗಿ ಬಿಲ್ಡ್ ಮಾಡು) ಕೊಟ್ಟು ಆ ಫೈಲಿನ ಪೂರ್ತಿ ಜಿಸಿಸಿ (ಕಂಪೈಲರ್) ಕಮಾಂಡ್ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಮೈನಸ್ ಸಿ ತೆಗೆದು, ಹ್ಯಾಶ್ ಸಾಲುಗಳನ್ನಷ್ಟೇ ಬಿಡಿಸಿ ಹ್ಯಾಶ್ ಡಿಫೈನ್‌ಗಳನ್ನು ಉಳಿಸಿ ತೋರಿಸಲು ಮೈನಸ್ ದೊಡ್ಡ ಇ ಮತ್ತು ಮೈನಸ್ ಡಿಡಿ (ಮೊದಲ ಡಿ ಚಿಕ್ಕದು, ಎರಡನೆಯದು ದೊಡ್ಡದು) ಸೇರಿಸಬೇಕು. ಔಟ್‌ಪುಟ್ ಫೈಲಿನ ಹೆಸರನ್ನೂ ಬದಲಿಸಿ, ಇಲ್ಲವಾದರೆ ಆಬ್ಜೆಕ್ಟ್ ಫೈಲ್ ಮೇಲೆ ಪಠ್ಯ ಬಂದು ಕೂರುತ್ತದೆ. ಈಗ ಯಾವ ಮ್ಯಾಕ್ರೋ (ಹ್ಯಾಶ್ ಡಿಫೈನ್‌ನಲ್ಲಿ ಬೆಲೆ ಕೊಟ್ಟ ಹೆಸರು) ಯಾವ ಹೆಡರಿನ ಎಷ್ಟನೇ ಸಾಲಿನಿಂದ ಬಂತು ಎಂಬುದು ಕಣ್ಣೆದುರೇ ಇರುತ್ತದೆ.

ಹೆಚ್ಚು ಸಲ ಸಿಗುವ ಕಾರಣ ಇದು: ಹ್ಯಾಶ್ ಇಫ್‌ನಲ್ಲಿ ಡಿಫೈನ್ ಆಗದ ಹೆಸರಿನ ಬೆಲೆ 0. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಸದ್ದಿಲ್ಲ. ಎನಮ್ (ಸಂಖ್ಯೆಗಳಿಗೆ ಹೆಸರಿಡುವ ಸಿ ಭಾಷೆಯ ಪಟ್ಟಿ) ಬಂದರೆ ಇನ್ನೂ ಅಪಾಯ. ಪೆಟ್ರೋಲ್ 1, ಡೀಸೆಲ್ 2 ಎಂದು ಎನಮ್‌ನಲ್ಲಿದೆ ಎನ್ನಿ. ಎಂಜಿನ್ ಎಂಬ ಮ್ಯಾಕ್ರೋಗೆ ಪೆಟ್ರೋಲ್ ಎಂದು ಕೊಟ್ಟಿದ್ದೀರಿ. ‘ಎಂಜಿನ್ ಡೀಸೆಲ್‌ಗೆ ಸಮವೇ’ ಎಂದು ಹ್ಯಾಶ್ ಇಫ್ ಕೇಳಿದರೆ ಉತ್ತರ ಹೌದು! ಕಂಪೈಲ್‌ಗೆ ಮೊದಲು ಹ್ಯಾಶ್ ಸಾಲುಗಳನ್ನು ಬಿಡಿಸುವ ಪ್ರಿಪ್ರೊಸೆಸರ್‌ಗೆ ಎನಮ್ ಎಂದರೇನೆಂದೇ ತಿಳಿಯದು. ಎರಡೂ ಹೆಸರು 0 ಆಗಿ, ಪೆಟ್ರೋಲ್ ಬಿಲ್ಡ್‌ಗೆ ಡೀಸೆಲ್ ಕೋಡ್ ಸೇರುತ್ತದೆ. ಸಾಮಾನ್ಯ ಎಚ್ಚರಿಕೆಗಳ ಫ್ಲಾಗ್ ಮೈನಸ್ ಡಬ್ಲ್ಯೂ-ಆಲ್ ಇದನ್ನು ಹಿಡಿಯದು. ಮೈನಸ್ ಡಬ್ಲ್ಯೂ-ಅನ್‌ಡೆಫ್ ಬೇರೆಯಾಗಿ ಕೊಡಲೇಬೇಕು. ಇಂಥ ಬೆಲೆಗಳನ್ನು ಹ್ಯಾಶ್ ಡಿಫೈನ್‌ನಲ್ಲೇ ಇಡಿ.

ಹ್ಯಾಶ್ ಇಫ್‌ಡೆಫ್ ಕೇಳುವುದು ಹೆಸರು ಇದೆಯೇ ಎಂದಷ್ಟೇ. 0 ಎಂದು ಡಿಫೈನ್ ಮಾಡಿದ ಫೀಚರ್ ಕೂಡ ಅಲ್ಲಿ ಆನ್. ಎಲ್ಲ ಫೀಚರ್‌ಗಳಿಗೂ 0 ಅಥವಾ 1 ಕೊಟ್ಟು ಹ್ಯಾಶ್ ಇಫ್ ಬಳಸುವುದೇ ನನಗೆ ಸರಿ ಕಂಡಿದೆ.

ಸ್ಟ್ರಕ್ಟ್ (ಹಲವು ಡೇಟಾ ಒಟ್ಟಿಗಿಡುವ ರಚನೆ) ಒಳಗಿನ ಹ್ಯಾಶ್ ಇಫ್ ಬಗ್ಗೆ ಎಚ್ಚರ. ಒಂದು ಸಿ ಫೈಲ್ ಕಾನ್ಫಿಗ್ ಹೆಡರ್ ಸೇರಿಸಿ, ಇನ್ನೊಂದು ಮರೆತರೆ ಎರಡರಲ್ಲೂ ಸ್ಟ್ರಕ್ಟ್ ಅಳತೆ ಬೇರೆ. ಲಿಂಕರ್ ಗೊಣಗುವುದಿಲ್ಲ, ಡೇಟಾ ಮಾತ್ರ ಕೆಡುತ್ತದೆ. ಅಳತೆ ಹೇಳುವ ಸೈಜ್‌ಆಫ್ ಹ್ಯಾಶ್ ಇಫ್‌ನಲ್ಲಿ ನಡೆಯದ ಕಾರಣ, ಎರಡೂ ಫೈಲಿನಲ್ಲಿ ಸಿ11ರ (ಸಿ ಭಾಷೆಯ 2011ರ ಆವೃತ್ತಿ) ಸ್ಟ್ಯಾಟಿಕ್ ಅಸರ್ಟ್ ಹಾಕಿ ಕಂಪೈಲ್ ಹೊತ್ತಿಗೇ ಅಳತೆ ಪರೀಕ್ಷಿಸುತ್ತೇನೆ.

ಕಮಾಂಡ್‌ನಲ್ಲೇ ಮ್ಯಾಕ್ರೋ ಕೊಡುವ ಮೈನಸ್ ದೊಡ್ಡ ಡಿ ಫ್ಲಾಗ್ ಬದಲಿಸಿದ ಮೇಲೆ ಕ್ಲೀನ್ ಬಿಲ್ಡ್ ಮಾಡಿ. ಮೇಕ್ ನೋಡುವುದು ಫೈಲಿನ ಸಮಯವನ್ನು, ಫ್ಲಾಗನ್ನಲ್ಲ.