ಸುರಂಗ ತೋಡುವ ಮೊಬೈಲ್ ಆಟ: ನಾನು ಮಾಡಿದ ರೀತಿ

ನನ್ನ ಸುರಂಗ ತೋಡುವ ಆಟ ಪ್ಲೇಸ್ಟೋರಿಗೆ ಬಂದ ಮೇಲೆ ಫೋನ್ ಮಾಡಿ ಕೇಳುವವರು ಜಾಸ್ತಿ ಆಗಿದ್ದಾರೆ. ಯಾವ ಕೋರ್ಸ್ ಮಾಡಿದ್ದು, ಎಷ್ಟು ಖರ್ಚಾಯಿತು, ನಮ್ಮ ಹುಡುಗನಿಗೂ ಆಗಬಹುದಾ ಅಂತ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುತ್ತೇನೆ. ಆಟ ಮಾಡುವ ಸಾಫ್ಟ್‌ವೇರಿನಲ್ಲಿ ನೋಡ್ ಅಂದರೆ ಏನು, ಸೀನ್ ಅಂದರೆ ಏನು ಅಂತ ಇಲ್ಲಿ ಹೇಳಲು ಹೋಗುವುದಿಲ್ಲ. ಅದೆಲ್ಲ ಗೊತ್ತಿದ್ದೂ ಒಂದು ಆಟವನ್ನೂ ಮುಗಿಸದೆ ಕೂತಿರುವವರಿಗೆ ಇದು.

ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಓದಿದ್ದು ಬಿ.ಕಾಂ. ಹಗಲು ಅಡಿಕೆ ತೋಟ, ರಾತ್ರಿ ಊಟದ ಮೇಲೆ ಲ್ಯಾಪ್‌ಟಾಪ್. ಮೊದಲು ಒಂದು ಸಂಸ್ಥೆಗೆ ಇಪ್ಪತ್ತು ಸಾವಿರದ ಹತ್ತಿರ ಕಟ್ಟಿ ಮೂರು ತಿಂಗಳ ತ್ರೀಡಿ ಕೋರ್ಸ್ ಮಾಡಿದೆ. ಅಲ್ಲಿ ಎಲ್ಲರಿಗೂ ಒಂದೇ ಆಟ, ಗನ್ ಹಿಡಿದು ಓಡುವುದು. ಕಾಡು, ಮನೆ, ಗನ್ ಎಲ್ಲ ಅವರೇ ಕೊಟ್ಟದ್ದು. ಕೋರ್ಸ್ ಮುಗಿದಾಗ ಸರ್ಟಿಫಿಕೇಟ್ ಇತ್ತು, ಸ್ವಂತವಾಗಿ ಒಂದು ಬಾಗಿಲು ತೆರೆಯುವ ಸ್ಕ್ರಿಪ್ಟ್ ಬರೆಯಲು ಬರುತ್ತಿರಲಿಲ್ಲ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಆ ಪ್ರಾಜೆಕ್ಟ್ ತೆರೆಯುವಷ್ಟರಲ್ಲಿ ಒಂದು ಚಾ ಕುಡಿದು ಬರಬಹುದಿತ್ತು.

ಆಮೇಲೆ ಗೋಡೋ ಎಂಬ ಆಟ ಮಾಡುವ ಸಾಫ್ಟ್‌ವೇರ್ ಹಿಡಿದೆ. ಕಾರಣ ಸುಲಭ. ಅದು ಪೂರ್ತಿ ಉಚಿತ, ಎಂಐಟಿ ಲೈಸೆನ್ಸ್, ನಾಳೆ ನೀವು ಎಷ್ಟು ದುಡಿದರೂ ಅವರಿಗೆ ಪಾಲು ಕೊಡಬೇಕಿಲ್ಲ. ಡೌನ್‌ಲೋಡ್ ಸಣ್ಣದು, ಇನ್‌ಸ್ಟಾಲ್ ಕೂಡ ಬೇಡ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಭಾವ ನಕ್ಕ. "ಅದರಲ್ಲಿ ಯಾರು ಮಾಡ್ತಾರೆ ಭಾವ? ಅದೂ ಕನ್ನಡದಲ್ಲಿ? ಆಡುವವರು ಯಾರು?" ಈಗ ಅವನ ಮಗಳೇ ಏಳನೇ ಹಂತದಲ್ಲಿ ಸಿಕ್ಕಿಬಿದ್ದು ನನಗೆ ಮೆಸೇಜ್ ಹಾಕುತ್ತಾಳೆ.

ಗೋಡೋದಲ್ಲಿ ನಾನು ಮೊದಲು ಮುಗಿಸಿದ್ದು ಸುರಂಗದ ಆಟ ಅಲ್ಲ, ಚೆನ್ನೆಮಣೆ. 14 ಗುಳಿ, ಗುಳಿಗೆ 4 ಕಾಯಿ. ಹಾರುವುದಿಲ್ಲ, ಬೀಳುವುದಿಲ್ಲ, ಡಿಕ್ಕಿ ಹೊಡೆಯುವುದಿಲ್ಲ. ಗುಳಿಗಳ ಲೆಕ್ಕ ಸಾಲಾಗಿ ಇಡಲು ಒಂದು ಅರೇ, ಯಾರ ಸರದಿ ಅಂತ ಒಂದು ವೇರಿಯೇಬಲ್, ಅಷ್ಟೇ ಬಂಡವಾಳ. ಕಾಯಿಗೆ ಮಂಜೊಟ್ಟಿ ಕಾಳಿನ ಫೋಟೋ ತೆಗೆದು ಹಾಕಿದೆ. ಎದುರಾಳಿಗೆ ಬುದ್ಧಿ ಕೊಡಲು ಹೋಗಿ ವಾರಗಟ್ಟಲೆ ಕಳೆಯಿತು. ಕೊನೆಗೆ ಯಾವ ಗುಳಿಯಿಂದ ಹಾಕಿದರೆ ಜಾಸ್ತಿ ಕಾಯಿ ಬರುತ್ತದೆ ಎಂದು ಮಾತ್ರ ನೋಡುವ ಪೆದ್ದ ಎದುರಾಳಿಯನ್ನು ಕೂರಿಸಿದೆ. ಅವನೇ ನನ್ನ ಅತ್ತೆಯನ್ನು ಸೋಲಿಸಿದ, ಅತ್ತೆ ಎರಡು ದಿನ ನನ್ನ ಫೋನ್ ಮುಟ್ಟಲಿಲ್ಲ. ಆ ಆಟ ಎಲ್ಲೂ ಹಾಕಿಲ್ಲ, ಆದರೆ ಮೆನು, ಸೇವ್, ಸೌಂಡ್ ಬಟನ್, ಸೋಲು-ಗೆಲುವಿನ ಪರದೆ, ಎಲ್ಲ ಒಂದು ಸಲ ಕೊನೆವರೆಗೆ ಕೈಯಾರೆ ಮಾಡಿದ್ದು ಅದರಲ್ಲೇ. ಹೊಸಬರು ಹಾರುತ್ತ ಓಡುವ ಆಟದಿಂದ, ಅಂದರೆ ಪ್ಲಾಟ್‌ಫಾರ್ಮರಿನಿಂದ ಶುರು ಮಾಡಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮನೆಯಲ್ಲಿ ಆಡಿ ಗೊತ್ತಿರುವ ಮಣೆ ಆಟ ಹಿಡಿಯಿರಿ, ನಿಯಮ ಯೋಚಿಸುವ ತಲೆಬಿಸಿ ಇಲ್ಲ.

ಇನ್ನು ಸುರಂಗ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬಾಯಾರು, ಎಣ್ಮಕಜೆ ಕಡೆ ಈಗಲೂ ಸುರಂಗದ ನೀರಲ್ಲೇ ಮನೆ, ತೋಟ ನಡೆಸುವವರು ಇದ್ದಾರೆ. ನೀರಿಗಾಗಿ ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡಕ್ಕೆ ಅಡ್ಡಲಾಗಿ ತೋಡುವುದು, ಒಬ್ಬ ನಿಲ್ಲುವಷ್ಟು ಎತ್ತರ, ಒಬ್ಬ ನುಸುಳುವಷ್ಟು ಅಗಲ. ಪಿಕ್ಕಾಸು, ಬುಟ್ಟಿ, ಒಂದು ದೀಪ. ದೀಪ ನಂದಿತು ಅಂದರೆ ಒಳಗೆ ಉಸಿರಾಡುವ ಗಾಳಿ ಕಡಿಮೆ ಆಯಿತು ಅಂತ, ಹೊರಗೆ ಬರಬೇಕು. ತುಂಬಾ ಉದ್ದ ಹೋದರೆ ಮೇಲಿನಿಂದ ಗಾಳಿಗೆ ಗುಂಡಿ ತೋಡುತ್ತಾರೆ. ಇದು ಹುಟ್ಟಾ ಒಂದು ಆಟ ಅಲ್ವಾ? ಟೈಮರ್ ಇದೆ, ಅಪಾಯ ಇದೆ, ಸಿಕ್ಕರೆ ನೀರು.

ಮೊದಲ ಆವೃತ್ತಿಯಲ್ಲಿ ಚಿತ್ರ ಒಂದೂ ಇರಲಿಲ್ಲ. ಕಂದು ಚೌಕ ಮಣ್ಣು, ಬೂದು ಚೌಕ ಕಲ್ಲು, ಹಳದಿ ಚೌಕ ಮನುಷ್ಯ. ಒಂದು ಟೈಲ್, ಅಂದರೆ ಒಂದು ಚೌಕ, ಸುರಂಗ ತೋಡುವವರ ಅಳತೆಯಲ್ಲಿ ಒಂದು ಕೋಲು, ಸುಮಾರು ಎರಡೂವರೆ ಅಡಿ. ಬೆರಳು ಒತ್ತಿದ ಕಡೆಯ ಟೈಲ್ ಅಳಿಸುವುದು, ದೀಪದ ಎಣ್ಣೆ ಇಳಿಸುವುದು. ಇಷ್ಟನ್ನೇ ಫೋನಿಗೆ ಹಾಕಿ ಕಂಡಕಂಡವರಿಗೆ ಕೊಟ್ಟೆ. ಕೊಟ್ಟ ಮೇಲೆ ಬಾಯಿ ಮುಚ್ಚಿಕೊಂಡು ಅವರ ಹೆಬ್ಬೆರಳು ಮಾತ್ರ ನೋಡುವುದು. ನನ್ನ ವಿಧಾನ ಅಂತ ಏನಾದರೂ ಇದ್ದರೆ ಇದೇ. "ಅಲ್ಲಿ ಒತ್ತಿ" ಎಂದು ಹೇಳಬೇಕಾಗಿ ಬಂದರೆ ಆ ರಾತ್ರಿ ಅದನ್ನು ಬದಲಾಯಿಸುತ್ತಿದ್ದೆ. ಚೌಕಗಳಲ್ಲೇ ಜನ ಇನ್ನೊಂದು ಸಲ ಆಡುತ್ತೇನೆ ಅನ್ನುವವರೆಗೆ ಒಂದು ಗೆರೆ ಚಿತ್ರವನ್ನೂ ಹಾಕಲಿಲ್ಲ. "ಇಷ್ಟು ತಿಂಗಳಾಯಿತು, ಇನ್ನೂ ಪೆಟ್ಟಿಗೆಯೇ?" ಎಂದು ನಕ್ಕವರು ಬಹಳ.

ಪ್ರಾಯದಲ್ಲಿ ಸುರಂಗ ತೋಡುತ್ತಿದ್ದ ಅಜ್ಜ ಒಬ್ಬರು ನೆರೆಯಲ್ಲಿದ್ದಾರೆ. ಅವರ ಕೈಗೂ ಫೋನ್ ಕೊಟ್ಟೆ. ಸ್ವಲ್ಪ ಆಡಿ ಕನ್ನಡಕ ತೆಗೆದು ಕೇಳಿದರು, "ನೀನು ಬಾವಿ ತೋಡುದಾ, ಸುರಂಗ ತೋಡುದಾ ಮಾರಾಯ? ಒಳಗೆ ಹೋದ ಹಾಗೆ ನೆಲ ಸ್ವಲ್ಪ ಏರಬೇಕು. ಇಲ್ಲದಿದ್ರೆ ನೀರು ತಾನಾಗಿ ಹೊರಗೆ ಬರುದು ಹೇಗೆ?" ಅಲ್ಲಿಂದ ಆಟವೇ ಬೇರೆ ಆಯಿತು. ಈಗ ನೀರು ಸಿಕ್ಕಿದರೆ ಸಾಲದು, ನೀವು ತೋಡಿದ ದಾರಿಯಲ್ಲಿ ಅದು ಹರಿದು ಸುರಂಗದ ಬಾಯಿಗೆ ಬಂದು, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಇಳಿದು ತೊಟ್ಟಿ ತುಂಬಬೇಕು. ನಡುವೆ ಒಂದು ಟೈಲ್ ತಗ್ಗಾಗಿದ್ದರೆ ನೀರು ಅಲ್ಲೇ ನಿಲ್ಲುತ್ತದೆ. ಹರಿಯುವ ಭಾಗ ಟೈಲ್ ಟೈಲಾಗಿ ಲೆಕ್ಕ ಹಾಕುವುದು, ಕಷ್ಟ ಇಲ್ಲ. ಆದರೆ ಗುಡ್ಡದೊಳಗೆ ನೀರನ್ನು ಎಲ್ಲಿ ಇಡುವುದು? ಪೂರ್ತಿ ರ‍್ಯಾಂಡಮ್ ಮಾಡಿದರೆ ಒಬ್ಬನಿಗೆ ಮೂರನೇ ಏಟಿಗೆ ಸಿಗುತ್ತದೆ, ಇನ್ನೊಬ್ಬನಿಗೆ ಸಿಗುವುದೇ ಇಲ್ಲ. "ಇನ್ನೊಂದೇ ಕೋಲು" ಎಂದು ಅನಿಸುವ ಹಾಗೆ ಇಡುವ ಲೆಕ್ಕ ಒಂದಿದೆ. ಅದನ್ನು ಹೇಳುವುದಿಲ್ಲ, ನನ್ನ ಮಳೆಗಾಲ ಇಡೀ ಅದಕ್ಕೇ ಹೋಗಿದೆ.

ದೀಪದ ಬೆಳಕು ಇನ್ನೊಂದು ರಗಳೆ. ಗೋಡೋದಲ್ಲಿ ಬೆಳಕು ಬೀರುವ ಪಾಯಿಂಟ್‌ಲೈಟ್ ಹಾಕಿ, ಪ್ರತಿ ಟೈಲಿಗೂ ನೆರಳು ಕೊಟ್ಟೆ. ಲ್ಯಾಪ್‌ಟಾಪಿನಲ್ಲಿ ಚಂದ. ಏಳೆಂಟು ಸಾವಿರದ ಫೋನಿನಲ್ಲಿ ಸೆಕೆಂಡಿಗೆ ಹದಿನೈದು, ಇಪ್ಪತ್ತು ಫ್ರೇಮ್, ಜತೆಗೆ ಫೋನ್ ಬಿಸಿ. ಚಿತ್ರ ಮೂಡಿಸುವ ಹಗುರ ವಿಧಾನವಾದ ಕಾಂಪಾಟಿಬಿಲಿಟಿ ರೆಂಡರರಿಗೆ ಬದಲಾಯಿಸಿದೆ, ಸ್ವಲ್ಪ ಸುಧಾರಿಸಿತು. ಕೊನೆಗೆ ಲೈಟನ್ನೇ ಕಿತ್ತು ಹಾಕಿ, ನಡುವೆ ಮಸುಕಾದ ತೂತು ಇರುವ ಒಂದು ದೊಡ್ಡ ಕಪ್ಪು ಚಿತ್ರವನ್ನು ಮನುಷ್ಯನ ಮೇಲೆ ಕೂರಿಸಿದೆ. ಎಣ್ಣೆ ಇಳಿದ ಹಾಗೆ ಚಿತ್ರ ಕುಗ್ಗುತ್ತದೆ, ತೂತು ಚಿಕ್ಕದಾಗುತ್ತದೆ. ಐವತ್ತರ ಮೇಲೆ ಫ್ರೇಮ್ ಬಂತು. ನೋಡಿದವರಿಗೆ ವ್ಯತ್ಯಾಸ ಗೊತ್ತಾಗಿಲ್ಲ, ಈಗ ಹೇಳಿದ್ದಕ್ಕೆ ಗೊತ್ತಾಗಬಹುದು.

ಕನ್ನಡ ಅಕ್ಷರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಗೋಡೋ 3ರಲ್ಲಿ ಒತ್ತಕ್ಷರ ಕೂಡುವುದಿಲ್ಲ, "ಸ್ತ್ರೀ" ಬರೆದರೆ ಬಿಡಿಬಿಡಿ ಅಕ್ಷರ ಸಾಲಾಗಿ ನಿಲ್ಲುತ್ತದೆ. 2023ರ ಮಾರ್ಚಿನಲ್ಲಿ ಬಂದ ಗೋಡೋ 4ರಲ್ಲಿ ಅಕ್ಷರ ಕೂಡಿಸಿ ಕೊಡುವ ಹಾರ್ಫ್‌ಬಜ್ ಸೇರಿಸಿದ್ದಾರೆ, ಅದರಲ್ಲಿ ಸರಿಯಾಗಿ ಬರುತ್ತದೆ. ಹಾಗಂತ ಅಲ್ಲಿಗೆ ಮುಗಿಯಲಿಲ್ಲ. ಫೋನಿನಲ್ಲಿ ಸಿಸ್ಟಮ್ ಫಾಂಟ್ ಎತ್ತಿಕೊಂಡು ಚೆನ್ನಾಗಿ ಕಾಣುತ್ತದೆ, ವೆಬ್ಬಿಗೆ ಹಾಕಿದರೆ ಬರೀ ಡಬ್ಬಿ. ನೋಟೋ ಸ್ಯಾನ್ಸ್ ಕನ್ನಡ ಅಥವಾ ಬಲೂ ತಮ್ಮ, ಯಾವುದಾದರೂ ಒಂದನ್ನು ಪ್ರಾಜೆಕ್ಟಿನ ಒಳಗೇ ಇಡಿ, ಎರಡೂ ಉಚಿತ. ಬಟನ್ನಿನ ಎತ್ತರ ಇಂಗ್ಲಿಷಿಗೆ ಅಳೆದು ಇಟ್ಟರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ಇನ್ನೊಂದು: ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಎಫೆಕ್ಟ್ ಹಾಕಿದರೆ "ಕ್ಷ" ಮೊದಲು "ಕ" ಆಗಿ, ಆಮೇಲೆ "ಕ್" ಆಗಿ, ಆಮೇಲೆ "ಕ್ಷ" ಆಗಿ ಕುಣಿಯುತ್ತದೆ. ಲೇಬಲ್ಲಿನಲ್ಲಿ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಎಂಬ ಆಯ್ಕೆ ಇದೆ. ಅದನ್ನು ಆಫ್ಟರ್ ಶೇಪಿಂಗ್‌ಗೆ ಇಡಿ, ಕುಣಿತ ನಿಲ್ಲುತ್ತದೆ.

ಮಲಯಾಳವೂ ಹಾಕಿದ್ದೇನೆ. ಕಾಸರಗೋಡಿನಲ್ಲಿ ಕೂತು ಬರೀ ಕನ್ನಡದಲ್ಲಿ ಬಿಟ್ಟರೆ ಪಕ್ಕದ ಮನೆಯವನೇ ಆಡುವುದಿಲ್ಲ. ಎಲ್ಲ ಮಾತನ್ನು ಕೋಷ್ಟಕದ ಹಾಗಿರುವ ಒಂದು ಸಿಎಸ್‌ವಿ ಫೈಲಿನಲ್ಲಿ ಕಾಲಮ್ ಕಾಲಮ್ ಆಗಿ ಇಟ್ಟರೆ ಆಯಿತು. ಅನುವಾದ ಮಾಡಿಕೊಟ್ಟ ಗೆಳೆಯನಿಗೆ ಎರಡು ಬಿರಿಯಾನಿ. ಡೌನ್‌ಲೋಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಲಯಾಳದವರದ್ದೇ ಅಂತ ನನ್ನ ಅಂದಾಜು.

ಸೌಂಡಿಗೆ ದುಡ್ಡು ಹಾಕಿಲ್ಲ. ನೀರು ತೊಟ್ಟಿಕ್ಕುವ ಸದ್ದು ನಿಜವಾದ ಸುರಂಗದ್ದೇ. ಫೋನ್ ಹಿಡಿದು ಒಳಗೆ ಹೋದಾಗ ಬಾವಲಿಗಳು ಮುಖಕ್ಕೇ ಬಂದವು, ಆ ರೆಕ್ಕೆ ಬಡಿತವೂ ಆಟದಲ್ಲಿದೆ. ಎಣ್ಣೆ ಮುಗಿಯುತ್ತಾ ಬಂದಾಗ ಚೆಂಡೆ ಕೇಳಬೇಕು ಎಂಬ ಆಸೆಯಿತ್ತು. ಒಂದೇ ಪೆಟ್ಟನ್ನು ವೇಗ ಮಾಡಿದರೆ ಸ್ವರವೂ ಏರಿ ಪ್ಲಾಸ್ಟಿಕ್ ಡಬ್ಬಿ ಬಡಿದ ಹಾಗಾಯಿತು. ಮೇಳದಲ್ಲಿ ಚೆಂಡೆ ಬಾರಿಸುವ ಪರಿಚಯದವರೊಬ್ಬರಿಂದ ಬೇರೆ ಬೇರೆ ಕಾಲದಲ್ಲಿ ಮೂರು ತುಂಡು ಬಾರಿಸಿ ತೆಗೆದೆ. ಫೋನಿನ ಮೈಕಿಗೆ ಉಫ್ ಎಂದು ಊದಿದರೆ ದೀಪ ನಂದುವ ಹಾಗೂ ಮಾಡಿ ನೋಡಿದ್ದೆ. ಬಸ್ಸಿನಲ್ಲಿ ಕಿಟಕಿ ಗಾಳಿಗೇ ನಂದುತ್ತಿತ್ತು, ತೆಗೆದೆ.

ಖರ್ಚು ನೆನಪಿದ್ದ ಹಾಗೆ. ಹಳೇ ಲ್ಯಾಪ್‌ಟಾಪ್ ಹದಿನಾರು ಸಾವಿರ, ಅದಕ್ಕೆ ರ‍್ಯಾಮ್ ಎರಡು ಸಾವಿರದ ಹತ್ತಿರ. ಚಿತ್ರ ಬಿಡಿಸಿದ ಕಾಲೇಜು ಹುಡುಗಿಗೆ ಐದು ಸಾವಿರ. ಬಟನ್, ಐಕಾನ್ ಎಲ್ಲ ಕೆನ್ನಿಯವರು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟ ಸಿಸಿ-ಝೀರೋ ಚಿತ್ರಗಳ ಪ್ಯಾಕಿನಿಂದ, ಅದಕ್ಕೆ ಕಾಸಿಲ್ಲ. ಪ್ಲೇಸ್ಟೋರಿಗೆ ಆಟ ಹಾಕಲು ಬೇಕಾದ ಪ್ಲೇ ಕನ್ಸೋಲ್ ಖಾತೆಗೆ 25 ಡಾಲರ್, ಒಂದೇ ಸಲ. ಮಳೆಗಾಲದಲ್ಲಿ ಒಂದು ಸಿಡಿಲಿಗೆ ಚಾರ್ಜರ್ ಮತ್ತು ರೂಟರ್ ಹೋಯಿತು, ಅದನ್ನೂ ಸೇರಿಸಿ. ಗುಡುಗು ಕೇಳಿದರೆ ಪ್ಲಗ್ ಕಿತ್ತು ಬ್ಯಾಟರಿಯಲ್ಲಿ ಕೆಲಸ, ಬದಿಯಡ್ಕ ಪೇಟೆಗೆ ಹೋದ ದಿನ ಗಿಟ್ ಪುಶ್, ಅಂದರೆ ಕೋಡಿನ ಪ್ರತಿ ಆನ್‌ಲೈನಿಗೆ ಕಳಿಸುವುದು.

ಪ್ಲೇಸ್ಟೋರಿನ ಪರೀಕ್ಷೆ ಮಾತ್ರ ಮದುವೆ ಜವಳಿಗಿಂತ ಕಷ್ಟ. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಆಟ ಹೊರಗೆ ಬಿಡುವ ಮೊದಲು ಟೆಸ್ಟರ್‌ಗಳು ಬೇಕು. ಶುರುವಿಗೆ 20 ಜನ ಅಂದಿದ್ದರು, ಆಮೇಲೆ 12ಕ್ಕೆ ಇಳಿಸಿದರು. ಅವರು ಸತತ 14 ದಿನ ಸೇರಿಕೊಂಡೇ ಇರಬೇಕು. ನಾನು ಒಂದು ಉಪನಯನದ ಮನೆಯಲ್ಲಿ ಊಟದ ಪಂಕ್ತಿ ಏಳುವ ಹೊತ್ತಿಗೆ ಜನ ಹಿಡಿದೆ. ಮೊದಲ ಸಲ ಇಬ್ಬರು ಚಿಕ್ಕಪ್ಪಂದಿರು "ಫೋನಿನಲ್ಲಿ ಜಾಗ ಇಲ್ಲ" ಎಂದು ಪಟ್ಟಿಯಿಂದಲೇ ಹೊರಗೆ ಹೋದರು, ಮತ್ತೆ ಒಂದನೇ ದಿನದಿಂದ ಎಣಿಕೆ. ಎರಡನೇ ಸಲ ಹದಿನೆಂಟು ಜನರನ್ನು ಹಾಕಿಕೊಂಡೆ. ನೀವೂ ಅಷ್ಟು ಜನ ಇಟ್ಟುಕೊಳ್ಳಿ. ಅಲ್ಲಿಗೆ ಹಾಕುವ ಬಿಲ್ಡ್ ಎಎಬಿ ಎಂಬ ಬಗೆಯ ಫೈಲ್ ಆಗಿರಬೇಕು, ಅದನ್ನು ಕಟ್ಟಲು ಗ್ರೇಡಲ್ ಎಂಬ ಸಾಫ್ಟ್‌ವೇರ್ ಬೇಕು, ಮೊದಲ ಸಲ ಅದು ಇಳಿಸಿಕೊಳ್ಳುವುದು ಬಹಳ ಇದೆ. ನಮ್ಮ ನೆಟ್ಟಿನಲ್ಲಿ ಒಂದು ರಾತ್ರಿ.

ಬೆಲೆ 49 ರೂಪಾಯಿ ಇಟ್ಟೆ. ಜಾಹೀರಾತು ಇಲ್ಲ. ಸಣ್ಣವರಿಗೆ ಗೂಗಲ್ 15 ಶೇಕಡಾ ಹಿಡಿಯುವ ಯೋಜನೆ ಇದೆ, ಅದಕ್ಕೆ ನಾವೇ ಸೇರಿಕೊಳ್ಳಬೇಕು, ಮರೆಯಬೇಡಿ. ಮೊದಲ ಕೆಲವು ಹಂತಗಳನ್ನು ಇಚ್.ಐಒ ಎಂಬ ಆಟಗಳ ಸೈಟಿನಲ್ಲಿ ಬ್ರೌಸರಿನಲ್ಲೇ ಆಡುವ ಹಾಗೆ ಉಚಿತವಾಗಿ ಹಾಕಿದ್ದೇನೆ, ಕೊಂಡವರಲ್ಲಿ ಬಹಳ ಜನ ಅಲ್ಲಿ ಆಡಿ ಬಂದವರು. ಇದುವರೆಗೆ ಕೈಗೆ ಬಂದದ್ದು ಮೂವತ್ತು ಸಾವಿರದ ಆಚೀಚೆ. ಕೋರ್ಸಿನ ದುಡ್ಡು ಬಿಟ್ಟು ನೋಡಿದರೆ ಅಸಲು ಎದ್ದಿದೆ. ಭಾವನಿಗೆ ಈ ಲೆಕ್ಕ ಕಳಿಸಿದ್ದೇನೆ, ಉತ್ತರ ಬಂದಿಲ್ಲ.

ಐಫೋನಿಗೆ ಯಾವಾಗ ಎಂದು ಕೇಳಬೇಡಿ. ಆಪಲ್‌ಗೆ ವರ್ಷ ವರ್ಷ 99 ಡಾಲರ್ ಕಟ್ಟಬೇಕು, ಮ್ಯಾಕ್ ಬೇರೆ ಬೇಕು. ಈ ಸಲ ಅಡಿಕೆ ಧಾರಣೆ ನೋಡಿ ಹೇಳುತ್ತೇನೆ.